ಕಾಫಿ ಸೀಮೆಯ ವಲಸೆಯ ಕೂಲಿಕಾರರು ಮತ್ತು ಸರ್ಕಾರ

೧

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಬೆಟ್ಟಸೀಮೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕಾಫಿಯ ಗಿಡದಿಂದಲೇ ಆರಂಭಿಸುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ಬರ ನಾಡಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಶಾಲೆಯ ಮಕ್ಕಳೂ ಬಲ್ಲರು. ಗಿಡವು ಹೊರಗಿನಿಂದ ಬಂದಿತೆಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಗಿಡವನ್ನು ನೆಟ್ಟು, ಕಸಿ ಮಾಡಿ, ಹಣ್ಣು ಕುಯ್ದ ಕೈಗಳೂ ಬಹುಮಟ್ಟಿಗೆ ಹೊರಗಿನಿಂದಲೇ ಬಂದವು ಎಂಬ ಸಂಗತಿಯು ಮಾತ್ರ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಿಗೆ ಮುಗಿಯುತ್ತದೆ.

ಆಧುನಿಕ ಸಮಾಜಗಳಲ್ಲಿ ದುಡಿಮೆ, ವಲಸೆ ಮತ್ತು ಸರ್ಕಾರ ಇವುಗಳ ಪರಸ್ಪರ ಸಂಬಂಧವೇನು ಎಂಬ ಪ್ರಶ್ನೆಯನ್ನು ಇಂದು ಪ್ರಪಂಚದ ಎಲ್ಲ ದೇಶಗಳಲ್ಲಿಯೂ ಚರ್ಚಿಸುತ್ತಿದ್ದಾರೆ. ಆ ಚರ್ಚೆಗೆ ದೃಷ್ಟಾಂತಗಳನ್ನು ಹುಡುಕಲು ನಮ್ಮ ವಿದ್ಯಾರ್ಥಿಗಳು ದೂರ ಹೋಗಬೇಕಾದುದಿಲ್ಲ. ಚಾರ್ಮಾಡಿ ಘಾಟಿಯನ್ನು ಹತ್ತಿ ಕೊಟ್ಟಿಗೆಹಾರವನ್ನು ಮುಟ್ಟುವ ದಾರಿಯೇ ಅದಕ್ಕೆ ಸಾಕು. ಈ ಸೀಮೆಯಲ್ಲಿ ಸರ್ಕಾರವು ಕೂಲಿಕಾರನ ವಿಷಯದಲ್ಲಿ ಯಾವ ಯಾವ ರೂಪಗಳಲ್ಲಿ ಕಾಣಿಸಿಕೊಂಡಿತು, ಆ ರೂಪಗಳಲ್ಲೆಲ್ಲ ಸಮಾನವಾಗಿ ಉಳಿದುಬಂದ ದೋಷ ಯಾವುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಸೂಚಿಸುವುದಾದರೆ: ಕಾಫಿಯ ದುಡಿಮೆಯು ಬಂದುಹೋಗುವವರ ದುಡಿಮೆ, ಆದರೆ ಸರ್ಕಾರವು ಮಾಡಿದ ಕಾನೂನುಗಳೆಲ್ಲವೂ ನೆಲೆನಿಂತವನನ್ನು, ಅಥವಾ ನಿಲ್ಲಿಸಬೇಕಾದವನನ್ನು, ಎದುರಿಗಿಟ್ಟುಕೊಂಡು ಮಾಡಿದಂಥವು.

೨

ಕಾಫಿ ತೋಟದ ಕೆಲಸವು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆಯ ನಂತರ ಮರಗಸಿ, ಕಸಿ, ಕಳೆ ತೆಗೆಯುವುದು, ಗೊಬ್ಬರ ಹಾಕುವುದು ಮುಂತಾದ ಕೆಲಸಗಳು ಒಂದರ ಹಿಂದೊಂದು ಬರುತ್ತವೆ. ಇವುಗಳಿಗೆ ಸ್ವಲ್ಪ ಮಂದಿ ಸಾಕು. ಆದರೆ ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ, ಅನಂತರ ಮಾರ್ಚಿಯವರೆಗೆ ರೊಬಸ್ಟಾ ಹಣ್ಣಾಗುತ್ತವೆ. ಹಣ್ಣಾದುದನ್ನು ಸಕಾಲದಲ್ಲಿ ಕುಯ್ಯದಿದ್ದರೆ ಅದು ಗಿಡದಲ್ಲಿಯೇ ಒಣಗುತ್ತದೆ, ಇಲ್ಲವೆ ನೆಲಕ್ಕೆ ಉದುರುತ್ತದೆ. ಇಡೀ ವರ್ಷದ ಬಂಡವಾಳವು ಆ ಕೆಲವು ವಾರಗಳಲ್ಲಿ ದೊರೆಯುವ ಕೈಗಳನ್ನು ಅವಲಂಬಿಸಿದೆ. ಮಲೆನಾಡಿನ ಜನಸಂಖ್ಯೆಯಾದರೋ ವಿರಳ. ಮಲೇರಿಯಾ ಜ್ವರದ ಹಾವಳಿಯಿಂದ ಅದು ಮತ್ತಷ್ಟು ಕುಗ್ಗುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ (೧೯೧೨-೧೯೧೮) ಮೈಸೂರು ಸರ್ಕಾರವು ಮಲೆನಾಡಿನ ಸುಧಾರಣೆಗಾಗಿ ಪ್ರತ್ಯೇಕವಾದ ಯೋಜನೆಯೊಂದನ್ನು ಕೈಗೊಂಡುದಕ್ಕೆ ಈ ಆತಂಕವೂ ಒಂದು ಕಾರಣ.

ಸ್ಥಳೀಯವಾಗಿ ದೊರೆಯುತ್ತಿದ್ದ ಆಳುಗಳು ಸ್ವತಂತ್ರರಾಗಿರಲಿಲ್ಲ. ಮಲೆನಾಡಿನಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆಯ ಜೀತಗಾರರಿದ್ದುದನ್ನು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರು ದಾಖಲಿಸುತ್ತದೆ. ಹುಟ್ಟಾಳು ಮನೆತನಕ್ಕೆ ಸೇರಿದವನು. ಮಣ್ಣಾಳು ಭೂಮಿಗೆ ಸೇರಿದವನು. ಇಬ್ಬರೂ ಇಂದು ನಾವು ದಲಿತರೆಂದು ಕರೆಯುವ ಸಮುದಾಯದವರು. ೧೮೪೩ರ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ಇಲ್ಲವಾಗಿಸಿತು. ಅದೇ ವರ್ಷ ಗ್ರೀನ್ ಎಂಬ ಆಂಗ್ಲನು ನೆರೆಯ ಮಂಜರಾಬಾದಿನಲ್ಲಿ ಕಾಫಿ ತೋಟವನ್ನು ಆರಂಭಿಸಿದನು. ಅದಕ್ಕೆ ಮುನ್ನವೇ ಕ್ಯಾನನ್ ಎಂಬುವನು ಬಾಬಾ ಬುಡನ್ ಗಿರಿಯ ದಕ್ಷಿಣದ ಸಾಲಿನಲ್ಲಿ ತೋಟ ಮಾಡಿದ್ದನು. ಕೂಲಿ ಕೊಟ್ಟು ಆಳುಗಳನ್ನು ಕರೆಯುವ ದೊಡ್ಡ ತೋಟವು ಜೀತದ ಕಟ್ಟುಗಳು ಸಡಿಲುವ ಕಾಲದಲ್ಲಿಯೇ ಬಂದಿತೆಂಬುದು ಗಮನಿಸತಕ್ಕ ಸಂಗತಿ. ಆದರೆ ಬಂದ ಕೂಲಿಕಾರನು ಎಷ್ಟರಮಟ್ಟಿಗೆ ಸ್ವತಂತ್ರನಾಗಿದ್ದನೆಂಬುದು ಬೇರೆ ಪ್ರಶ್ನೆ.

ಕೂಲಿಕಾರರು ಮೂರು ದಿಕ್ಕುಗಳಿಂದ ಬಂದರು. ಪೂರ್ವದ ಬಯಲುಸೀಮೆಯಿಂದ ಬಂದವರು ಕೆಲವರು. ಮದರಾಸು ಪ್ರಾಂತದ ತಮಿಳು ಜಿಲ್ಲೆಗಳಿಂದ ಬಂದವರು ಕೆಲವರು. ಪಶ್ಚಿಮದ ಕರಾವಳಿಯಿಂದ, ಎಂದರೆ ದಕ್ಷಿಣ ಕನ್ನಡದಿಂದ, ಘಟ್ಟ ಹತ್ತಿ ಬಂದವರು ಬಹು ಮಂದಿ. ಕರಾವಳಿಯ ವ್ಯವಸಾಯದ ಕಾಲಕ್ಕೂ ಕಾಫಿಯ ಕಾಲಕ್ಕೂ ಒಂದು ಸಹಜವಾದ ಹೊಂದಾಣಿಕೆಯಿತ್ತು. ಮುಂಗಾರಿನ ಏಣಿಲು ಬತ್ತದ ಕೊಯ್ಲು ಮುಗಿದ ಮೇಲೆ ಗೇಣಿದಾರನ ಮನೆಯಲ್ಲಿಯೂ ಆಳಿನ ಗುಡಿಸಲಿನಲ್ಲಿಯೂ ಕೈಗಳು ಬಿಡುವಾಗುತ್ತಿದ್ದವು. ಆಗ ಘಟ್ಟದ ಮೇಲೆ ಕಾಫಿ ಕೆಂಪಾಗುತ್ತಿತ್ತು. ಮತ್ತೆ ಮಳೆಗಾಲ ಹತ್ತಿರವಾದಂತೆ ಅವರು ಗದ್ದೆಯ ಕೆಲಸಕ್ಕಾಗಿ ಘಟ್ಟ ಇಳಿಯುತ್ತಿದ್ದರು. ಇಂದಿಗೂ ಮೂಡಿಗೆರೆ, ಕಳಸದ ಕಡೆ ತುಳುಮಾತು ಕೇಳಿಬರುವುದಕ್ಕೆ, ಲೈನ್ ಮನೆಗಳಲ್ಲಿ ತಮಿಳು ಮನೆಮಾತಾಗಿ ಉಳಿದಿರುವುದಕ್ಕೆ ಈ ವಲಸೆಯೇ ಮೂಲ.

ಕರಾವಳಿಯಿಂದ ಬಂದವನು ಊರು ಬಿಟ್ಟು ಓಡಿಬಂದವನಲ್ಲ. ಅವನ ಜೀವನೋಪಾಯವು ಒಂದು ಊರಿನಲ್ಲಿ ಪೂರ್ಣವಾಗದೆ ಎರಡು ಊರುಗಳಲ್ಲಿ ಹರಡಿತ್ತು. ವಲಸೆಯೆಂದರೆ ಒಂದು ನೆಲೆಯನ್ನು ಬಿಟ್ಟು ಇನ್ನೊಂದು ನೆಲೆಯನ್ನು ಹಿಡಿಯುವುದು ಎಂಬ ಕಲ್ಪನೆಯು ಇಲ್ಲಿ ಸರಿಹೋಗುವುದಿಲ್ಲ.

೩

ಈ ಕೂಲಿಕಾರನಿಗೂ ತೋಟಕ್ಕೂ ನಡುವೆ ಇದ್ದವನು ಮೇಸ್ತ್ರಿ. ತೋಟದ ದೊರೆಯು ಮೇಸ್ತ್ರಿಗೆ ಮುಂಗಡ ಹಣವನ್ನು ಕೊಡುವನು. ಮೇಸ್ತ್ರಿಯು ಅದನ್ನು ತನ್ನ ಊರ ಕಡೆಯ ಮನೆಗಳಿಗೆ ಹಂಚಿ ಆಳುಗಳನ್ನು ಒಪ್ಪಿಸಿ, ಅವರನ್ನು ಕರೆತಂದು ಹಾಜರಿ ಪುಸ್ತಕಕ್ಕೆ ಹತ್ತಿಸುವನು. ಕೂಲಿಯಲ್ಲಿ ಮುಂಗಡವು ವಜಾ ಆಗಬೇಕು. ಮದುವೆಗೋ ಗೇಣಿಯ ಬಾಕಿಗೋ ಕಾಯಿಲೆಗೋ ತೆಗೆದುಕೊಂಡ ಆ ಹಣವು ಕೂಲಿಕಾರನಿಗೆ ಉಪಕಾರವೂ ಆಗಿತ್ತು, ಕೊರಳಿನ ಹಗ್ಗವೂ ಆಗಿತ್ತು. ಮುಂಗಡ ಪಡೆದು ಬಾರದವರೂ, ಬಂದು ನಡುವೆಯೇ ಹೋದವರೂ ಇದ್ದರು. ತೋಟಗಾರರ ದೃಷ್ಟಿಯಲ್ಲಿ ಇದು ಮೋಸ. ಕೂಲಿಕಾರನ ದೃಷ್ಟಿಯಲ್ಲಿ, ಕೆಟ್ಟ ಮೇಸ್ತ್ರಿಯಿಂದಲೂ ಜ್ವರದ ಕಾಡಿನಿಂದಲೂ ತಪ್ಪಿಸಿಕೊಳ್ಳಲು ಅವನಿಗಿದ್ದ ಒಂದೇ ದಾರಿ.

ಸರ್ಕಾರವು ಮೊದಲು ಪ್ರವೇಶಿಸಿದುದು ಈ ಎಡೆಯಲ್ಲಿ. ಕಲ್ಕತ್ತೆಯ ವರ್ತಕರ ಕೋರಿಕೆಯ ಮೇಲೆ ೧೮೫೯ರಲ್ಲಿ ಹದಿಮೂರನೆಯ ಶಾಸನವಾಗಿ ಬಂದ ಕೆಲಸಗಾರರ ಕರಾರುಭಂಗ ಕಾನೂನು ಮೊದಲು ಕಲ್ಕತ್ತೆ, ಮದರಾಸು, ಮುಂಬಯಿ ನಗರಗಳಿಗೆಂದು ಆದುದು. ಕ್ರಮೇಣ ಅದನ್ನು ಹೊರಗಿನ ಪ್ರದೇಶಗಳಿಗೂ ವಿಸ್ತರಿಸಲಾಯಿತು. ದಕ್ಷಿಣ ಭಾರತದ ಬೆಟ್ಟಸೀಮೆಗಳ ತೋಟಗಾರರು ಬಹುಕಾಲ ಇದನ್ನು ಆಶ್ರಯಿಸಿದರು. ಮುಂಗಡ ಪಡೆದು ಕೆಲಸ ಮಾಡದವನ ಮೇಲೆ ದೂರು ಬಂದರೆ, ಹಣವನ್ನು ಹಿಂದಿರುಗಿಸುವಂತೆಯೋ ಕೆಲಸವನ್ನು ಪೂರೈಸುವಂತೆಯೋ ದೂರುದಾರನ ಇಚ್ಛೆಯನ್ನು ಅನುಸರಿಸಿ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದಾಗಿತ್ತು. ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆಮನೆ. ಕೂಲಿ ಕೊಡದ ಧಣಿಗೆ ಇದೇ ಶಾಸನದಲ್ಲಿ ಸೆರೆಮನೆಯಿರಲಿಲ್ಲ.

ಈ ಕಾನೂನಿನ ತಾಯಿಬೇರು ಇಂಗ್ಲೆಂಡಿನ ಯಜಮಾನ-ಸೇವಕ ಶಾಸನಗಳಲ್ಲಿದೆ. ಅಲ್ಲಿ ಕಾರ್ಮಿಕರು ಸಂಘಟಿತರಾಗಿ ಹೋರಾಡಿದ ಫಲವಾಗಿ, ಕೆಲಸ ಬಿಟ್ಟವನನ್ನು ಅಪರಾಧಿಯೆಂದು ಎಣಿಸುವ ಪದ್ಧತಿಯು ೧೮೭೫ರಲ್ಲಿ ಕೊನೆಗೊಂಡಿತು. ಇಲ್ಲಿ ಅದು ರದ್ದಾದುದು ೧೯೨೫ರ ಕಾನೂನಿನಿಂದ, ೧೯೨೬ರ ಏಪ್ರಿಲಿನಲ್ಲಿ. ಒಂದೇ ಸಾಮ್ರಾಜ್ಯದ ಕೆಳಗೆ ಒಂದೇ ಕೃತ್ಯವು ಅರ್ಧ ಶತಮಾನದ ಕಾಲ ಲಂಕಾಷೈರಿನಲ್ಲಿ ಸಿವಿಲ್ ವ್ಯಾಜ್ಯವಾಗಿಯೂ ಭಾರತದಲ್ಲಿ ಅಪರಾಧವಾಗಿಯೂ ಇತ್ತು. ಸರ್ಕಾರವು ದುಡಿಮೆಯ ವಿಷಯದಲ್ಲಿ ಕೈಹಾಕದೆ ತಟಸ್ಥವಾಗಿರಬೇಕೆಂದು ಆ ಕಾಲದ ಅರ್ಥಶಾಸ್ತ್ರವು ಬೋಧಿಸುತ್ತಿತ್ತು. ವಾಸ್ತವದಲ್ಲಿ ಸರ್ಕಾರವು ಎಂದೂ ತಟಸ್ಥವಾಗಿರಲಿಲ್ಲ. ಕೂಲಿಯ ದರವನ್ನು ಪೇಟೆಗೆ ಬಿಟ್ಟ ಅದೇ ಸರ್ಕಾರವು ಕೂಲಿಕಾರನ ಕಾಲುಗಳನ್ನು ಮಾತ್ರ ಪೇಟೆಗೆ ಬಿಡಲಿಲ್ಲ.

ಆ ಕಾಲದ ದಾಖಲೆಗಳೂ ಇದೇ ಅಸಮತೆಯನ್ನು ತೋರಿಸುತ್ತವೆ. ೧೮೫೦ರ ದಶಕದಲ್ಲಿ ಮಂಜರಾಬಾದಿಗೆ ಬಂದ ತೋಟಗಾರ ಆರ್. ಎಚ್. ಎಲಿಯಟ್ಟನು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ತನ್ನ ಅನುಭವಗಳ ಗ್ರಂಥಗಳನ್ನು ಪ್ರಕಟಿಸಿದನು. ತೋಟಗಾರರು ೧೮೯೩ರಲ್ಲಿ ದಕ್ಷಿಣ ಭಾರತದ ಸಂಯುಕ್ತ ತೋಟಗಾರರ ಸಂಘವನ್ನು ಸ್ಥಾಪಿಸಿ ಸರ್ಕಾರದೊಡನೆ ಒಂದೇ ಧ್ವನಿಯಿಂದ ಮಾತನಾಡಿದರು. ಕೂಲಿಕಾರನು ಗ್ರಂಥ ಬರೆಯಲಿಲ್ಲ. ಅವನ ಹೆಸರು ದೊರೆಯುವುದು ಹಾಜರಿ ಪುಸ್ತಕದಲ್ಲಿ ಮತ್ತು ಮುಂಗಡದ ಲೆಕ್ಕದಲ್ಲಿ.

೪

ಘಟ್ಟವು ಅಂದು ಕೇವಲ ಭೂಗೋಳದ ಎಲ್ಲೆಯಾಗಿರಲಿಲ್ಲ. ಕೆಳಗಿನ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಬ್ರಿಟಿಷ್ ಜಿಲ್ಲೆ. ಮೇಲಿನ ಕಡೂರು ಜಿಲ್ಲೆ (೧೯೪೭ರಿಂದ ಚಿಕ್ಕಮಗಳೂರು ಜಿಲ್ಲೆ) ಮೈಸೂರು ಸಂಸ್ಥಾನದ್ದು. ೧೮೩೧ರಿಂದ ೧೮೮೧ರವರೆಗೆ ಕಮಿಷನರರ ಆಡಳಿತದಲ್ಲಿಯೂ ಅನಂತರ ಮಹಾರಾಜರ ಆಡಳಿತದಲ್ಲಿಯೂ ಇದ್ದಿತು. ಬೆಳ್ತಂಗಡಿಯ ಕಡೆಯಿಂದ ಹೊರಟು ಚಾರ್ಮಾಡಿಯನ್ನು ಹತ್ತಿದ ಕೂಲಿಕಾರನು ಒಂದು ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಪ್ರವೇಶಿಸುತ್ತಿದ್ದನು. ಕಾನೂನಿನ ಭಾಷೆಯಲ್ಲಿ ಅವನು ಹೊರಗಿನವನು. ಸ್ವಾತಂತ್ರ್ಯ ಬಂದ ಮೇಲೂ ೧೯೫೬ರವರೆಗೆ ಅವನು ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬರುವವನಾಗಿಯೇ ಉಳಿದನು.

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು; ಕಾಸರಗೋಡು ಕೇರಳಕ್ಕೆ ಹೋಯಿತು. ಬಂಟವಾಳದ ಕೂಲಿಕಾರನು ಅಂದಿನಿಂದ ಸ್ವರಾಜ್ಯದವನು. ಕಾಸರಗೋಡಿನ ಕನ್ನಡಿಗ ಅಥವಾ ತುಳುವ ಕೂಲಿಕಾರನು ಪರರಾಜ್ಯದವನು. ಇಬ್ಬರೂ ಹತ್ತುವ ಘಟ್ಟವಾಗಲಿ, ಕುಯ್ಯುವ ಹಣ್ಣಾಗಲಿ ಬದಲಾಗಲಿಲ್ಲ. ಭಾಷಾವಾರು ಪ್ರಾಂತರಚನೆಯ ನ್ಯಾಯವನ್ನು ನಾವು ಇಲ್ಲಿ ಪ್ರಶ್ನಿಸುತ್ತಿಲ್ಲ. ವಲಸೆಗಾರನೆಂಬ ಹೆಸರು ದುಡಿಯುವವನ ಸ್ವಭಾವದಿಂದ ಹುಟ್ಟಿದುದಲ್ಲ, ಸರ್ಕಾರವು ಎಳೆದ ಗೆರೆಯಿಂದ ಹುಟ್ಟಿದುದು ಎಂಬುದನ್ನು ಈ ನಿದರ್ಶನವು ತೋರಿಸುತ್ತದೆ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಗೆರೆಯು ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಸಿಂಹಳದ ಉದಾಹರಣೆಯಿದೆ. ಅಲ್ಲಿನ ತೋಟಗಳಿಗೆ ತಲೆಮಾರುಗಳ ಹಿಂದೆ ಹೋಗಿದ್ದ ತಮಿಳು ಕೂಲಿಕಾರರಲ್ಲಿ ಬಹುಸಂಖ್ಯಾತರು ೧೯೪೮ರ ಪೌರತ್ವದ ಕಾನೂನಿನಿಂದ ಯಾವ ದೇಶಕ್ಕೂ ಸೇರದವರಾದರು. ೧೯೬೪ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಅವರ ಒಪ್ಪಂದವು ೫,೨೫,೦೦೦ ಜನರನ್ನು ಭಾರತಕ್ಕೂ ೩,೦೦,೦೦೦ ಜನರನ್ನು ಸಿಂಹಳಕ್ಕೂ ಹಂಚಿತು. ಹಾಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಯಾವ ಕರಾವಳಿಯಿಂದ ಜನರು ಕೂಲಿಗಾಗಿ ಘಟ್ಟ ಹತ್ತುತ್ತಿದ್ದರೋ ಅದೇ ಕರಾವಳಿಗೆ ಇನ್ನೊಂದು ತೋಟಸೀಮೆಯಿಂದ ಕೂಲಿಕಾರರು ಬಂದು ಇಳಿದರು.

೫

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸರ್ಕಾರದ ರೂಪವು ಬದಲಾಯಿತು. ಈ ಬದಲಾವಣೆಯ ಕ್ರಮವು ವಿಚಾರಾರ್ಹವಾದುದು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆಗಳು ಮುಚ್ಚಿದಾಗ ಕಾಫಿ ಬೆಳೆಗಾರನು ಸಂಕಟಕ್ಕೀಡಾದನು. ೧೯೪೨ರ ಕಾಫಿ ಕಾನೂನಿನ ಮೂಲಕ ಸರ್ಕಾರವು ಮಾರಾಟದ ಹೊಣೆಯನ್ನೇ ವಹಿಸಿಕೊಂಡಿತು. ಫಸಲನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಮಂಡಳಿಯು ಅದನ್ನು ಮಾರಿ ಹಣವನ್ನು ಹಂಚಬೇಕು. ಮುಂದಿನ ದಶಕಗಳಲ್ಲಿ ಒಂದೆರಡು ಎಕರೆಯ ಬೆಳೆಗಾರನ ಮೂಟೆಯೂ ದೊಡ್ಡ ಕಂಪನಿಯ ಮೂಟೆಯೂ ಅದೇ ಪೂಲಿಗೆ ಸೇರುತ್ತಿದ್ದವು. ೧೯೯೦ರ ದಶಕದಲ್ಲಿ ಹಂತಹಂತವಾಗಿ ಕೊನೆಗೊಳ್ಳುವವರೆಗೆ ಈ ವ್ಯವಸ್ಥೆಯು ಅರ್ಧ ಶತಮಾನ ನಡೆಯಿತು.

ಕಾಫಿಯ ಬೀಜಕ್ಕೆ ದೊರೆತ ರಕ್ಷಣೆಯು ಅದನ್ನು ಕುಯ್ಯುವವರಿಗೆ ದೊರೆಯಲು ಇನ್ನೂ ಕೆಲವು ವರ್ಷಗಳು ಬೇಕಾದವು. ಡಿ. ವಿ. ರೇಗೆ ಅವರು ತೋಟ ಕಾರ್ಮಿಕರ ಸ್ಥಿತಿಗತಿಗಳನ್ನು ವಿಚಾರಣೆ ಮಾಡಿ ೧೯೪೬ರಲ್ಲಿ ವರದಿಯನ್ನು ಒಪ್ಪಿಸಿದರು. ೧೯೪೮ರ ಕನಿಷ್ಠ ಕೂಲಿಯ ಕಾನೂನು ತೋಟಗಳನ್ನೂ ಒಳಗೊಂಡಿತು. ೧೯೫೧ರ ತೋಟ ಕಾರ್ಮಿಕರ ಕಾನೂನು ೧೯೫೪ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಕುಡಿಯುವ ನೀರು, ವಾಸದ ಮನೆ, ವೈದ್ಯಸಹಾಯ, ಕೂಸುಗಳಿಗೆ ಶಿಶುವಿಹಾರ, ಮಕ್ಕಳಿಗೆ ವಿದ್ಯೆ, ಸಂಬಳಸಹಿತ ರಜೆ, ಹೆರಿಗೆಯ ಭತ್ಯ ಇವೆಲ್ಲವೂ ತೋಟದ ಯಜಮಾನನ ಕರ್ತವ್ಯವೆಂದು ಅದು ವಿಧಿಸಿತು. ೧೯೭೬ರ ಸಮಾನ ವೇತನದ ಕಾನೂನು, ಗಂಡಾಳು ಹೆಣ್ಣಾಳು ಎಂದು ಕೂಲಿಯಲ್ಲಿ ಭೇದ ಮಾಡುವ ರೂಢಿಯನ್ನು ನಿಷೇಧಿಸಿತು. ಹಣ್ಣು ಕುಯ್ಯುವುದರಲ್ಲಿ ಹೆಂಗಸರೇ ಮುಂದಾಗಿರುವ ಈ ಸೀಮೆಯಲ್ಲಿ ಅದರ ಮಹತ್ವವನ್ನು ವಿವರಿಸಬೇಕಾದುದಿಲ್ಲ. ಅದೇ ವರ್ಷದ ಜೀತ ನಿರ್ಮೂಲನ ಕಾನೂನು ಸಾಲಕ್ಕೆ ದುಡಿಮೆಯನ್ನು ಒತ್ತೆಯಿಡುವುದನ್ನು ಅಪರಾಧವಾಗಿಸಿತು. ೧೮೫೯ರಲ್ಲಿ ಸೆರೆಮನೆಯು ಮುಂಗಡ ಪಡೆದವನಿಗೆ ಕಾದಿತ್ತು. ೧೯೭೬ರಲ್ಲಿ ಅದು ಮುಂಗಡದಿಂದ ಕಟ್ಟಿಹಾಕುವವನಿಗೆ ಕಾದಿತು. ನಮ್ಮ ಗಣರಾಜ್ಯದ ಸಾಧನೆಗಳಲ್ಲಿ ಇದು ಸಣ್ಣದಲ್ಲ.

ಆದರೆ ೧೯೫೧ರ ಕಾನೂನಿನಲ್ಲಿ ಎರಡು ಬೇಲಿಗಳಿದ್ದವು. ಮೊದಲನೆಯದು ವಿಸ್ತೀರ್ಣದ ಬೇಲಿ. ಇಪ್ಪತ್ತೈದು ಎಕರೆಗೆ ಕಡಮೆಯಿಲ್ಲದ, ಮೂವತ್ತು ಜನರಾದರೂ ದುಡಿಯುವ ತೋಟಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ೧೯೮೧ರ ತಿದ್ದುಪಡಿಯಿಂದ ಇದು ಐದು ಹೆಕ್ಟೇರು, ಹದಿನೈದು ಜನ ಎಂದಾಯಿತು. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ೯೮ಕ್ಕಿಂತ ಹೆಚ್ಚಿನವು ಹತ್ತು ಹೆಕ್ಟೇರಿಗೂ ಚಿಕ್ಕವೆಂಬುದನ್ನು ನೆನೆದರೆ, ಈ ಬೇಲಿಯ ಹೊರಗೆ ಉಳಿದವರ ಪ್ರಮಾಣವನ್ನು ಊಹಿಸಿಕೊಳ್ಳಬಹುದು. ಎರಡನೆಯದು ನೆಲೆಯ ಬೇಲಿ. ಮನೆಯ ಹಕ್ಕು ತೋಟದಲ್ಲಿ ವಾಸಿಸುವ ಕೂಲಿಕಾರನದು. ೧೯೮೧ರಲ್ಲಿ ಹೊರಗೆ ವಾಸಿಸುವವನಿಗೂ ಅದನ್ನು ವಿಸ್ತರಿಸಿದಾಗ, ಆರು ತಿಂಗಳು ಎಡೆಬಿಡದೆ ದುಡಿದಿರಬೇಕೆಂಬ ನಿಯಮವನ್ನು ಇಟ್ಟರು. ಕುಯ್ಲಿಗೆಂದು ಬಂದು ಮೂರು ನಾಲ್ಕು ತಿಂಗಳಲ್ಲಿ ಹಿಂದಿರುಗುವವನು ಈ ಲೆಕ್ಕದಲ್ಲಿ ಎಲ್ಲಿಯೂ ಸಲ್ಲುವುದಿಲ್ಲ. ಕಾಫಿಯ ಬೀಜವನ್ನು ರಕ್ಷಿಸುವಾಗ ಸರ್ಕಾರವು ಅದು ಎಷ್ಟು ಎಕರೆಯ ತೋಟದ್ದೆಂದು ನೋಡಲಿಲ್ಲ. ದುಡಿಯುವವರನ್ನು ರಕ್ಷಿಸುವಾಗ ಎಕರೆಯನ್ನು ಅಳೆಯಿತು, ತಿಂಗಳನ್ನು ಎಣಿಸಿತು.

ನೆಲೆನಿಂತವರಿಗೂ ಈ ರಕ್ಷಣೆಯಲ್ಲಿ ಒಂದು ತೊಡಕಿತ್ತು. ಲೈನ್ ಮನೆಯು ತೋಟದ್ದು. ಕೆಲಸ ಹೋದರೆ, ವಯಸ್ಸಾದರೆ, ಮನೆಯೂ ಹೋಗುತ್ತದೆ. ಮೂರು ತಲೆಮಾರು ಒಂದೇ ತೋಟದಲ್ಲಿ ದುಡಿದ ಸಂಸಾರಕ್ಕೂ ಅಂಗುಲ ನೆಲ ಸ್ವಂತದ್ದಾಗಲಿಲ್ಲ. ೧೯೭೪ರ ಭೂಸುಧಾರಣೆಯು ಘಟ್ಟದ ಕೆಳಗಿನ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು. ಕಾಫಿ ತೋಟಗಳಿಗಾದರೋ ಭೂಮಿತಿಯಿಂದ ವಿನಾಯಿತಿ ದೊರೆಯಿತು. ಕರಾವಳಿಯಿಂದ ಬರುವ ಕೂಲಿಕಾರರ ಪ್ರವಾಹವು ಕ್ರಮೇಣ ಬತ್ತಿದುದಕ್ಕೆ ಹೆಂಚಿನ ಕಾರ್ಖಾನೆ, ಬೀಡಿಯ ಕೆಲಸ, ಮುಂಬಯಿ ಮತ್ತು ಕೊಲ್ಲಿದೇಶಗಳ ದುಡಿಮೆಗಳೊಡನೆ ಈ ಭೂಸುಧಾರಣೆಯನ್ನೂ ಒಂದು ಕಾರಣವೆಂದು ನಾವು ಎಣಿಸುತ್ತೇವೆ. ತನ್ನ ಗದ್ದೆ ತನ್ನದಾದವನು ಮುಂಗಡಕ್ಕಾಗಿ ಘಟ್ಟ ಹತ್ತಬೇಕಾದುದಿಲ್ಲ.

೬

ಕರಾವಳಿಯವರು ಬಿಟ್ಟ ಎಡೆಯನ್ನು ಇಂದು ಅಸ್ಸಾಂ, ಪಶ್ಚಿಮ ಬಂಗಾಳ, ಒಡಿಶಾ, ಜಾರ್ಖಂಡ, ಬಿಹಾರಗಳಿಂದ ಬಂದವರು ತುಂಬುತ್ತಿದ್ದಾರೆ. ಮೇಸ್ತ್ರಿಯ ಸ್ಥಾನದಲ್ಲಿ ಕಂಟ್ರಾಕ್ಟರನಿದ್ದಾನೆ. ಘಾಟಿಯ ಕಾಲುದಾರಿಯ ಬದಲು ರೈಲಿದೆ. ಹಳೆಯ ಕೂಲಿಕಾರನಿಗೆ ಇದ್ದ ಅನುಕೂಲವೊಂದು ಇವರಿಗಿಲ್ಲ. ಅವನ ಊರು ಘಟ್ಟದ ಕೆಳಗಿತ್ತು. ಕಾಯಿಲೆಯಾದರೆ ನಡೆದಾದರೂ ಸೇರಬಹುದಿತ್ತು. ಭಾಷೆಯೂ ಅರಿಯದ, ಊರು ಸಾವಿರ ಮೈಲಿಯಾಚೆಗಿರುವ ಈ ಹೊಸಬರನ್ನು ನಾವು ಮೊದಲು ಕೇಳುವುದು ಅವರ ಗುರುತಿನ ಪತ್ರಗಳನ್ನು. ಕೂಲಿಯ ಚೀಟಿಯನ್ನು ಕೇಳುವವರು ವಿರಳ. ಕರಾರಿನ ಕಾವಲುಗಾರ, ವಸತಿಯ ವಿಧಾಯಕ ಎಂಬ ಹಿಂದಿನ ರೂಪಗಳ ಜೊತೆಗೆ ಸರ್ಕಾರವು ಪತ್ರಗಳ ಪರೀಕ್ಷಕನೆಂಬ ಮೂರನೆಯ ರೂಪವನ್ನು ತಾಳಿದೆ.

ಕಾನೂನು ಇವರನ್ನು ಪೂರ್ಣವಾಗಿ ಮರೆತಿಲ್ಲ. ೧೯೭೯ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು ಕಂಟ್ರಾಕ್ಟರನ ಮೂಲಕ ಬಂದವರಿಗೆ ಪ್ರಯಾಣದ ಭತ್ಯವನ್ನೂ ಸ್ಥಳಾಂತರದ ಭತ್ಯವನ್ನೂ ವಿಧಿಸಿತ್ತು. ಆದರೆ ತಾನೇ ಬಂದವನು ಅದರ ಹೊರಗಿದ್ದನು. ೨೦೨೦ರ ಮಾರ್ಚಿಯ ಲಾಕ್‌ಡೌನಿನಲ್ಲಿ ಲಕ್ಷಾಂತರ ಜನರು ಹೆದ್ದಾರಿಗಳಲ್ಲಿ ನಡೆದುಹೋದಾಗ, ಅವರು ಎಷ್ಟು ಜನ, ಎಲ್ಲಿದ್ದರು ಎಂಬ ಲೆಕ್ಕವೇ ಸರ್ಕಾರದ ಬಳಿ ಇಲ್ಲವೆಂಬುದು ಬಯಲಾಯಿತು. ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ ಇ-ಶ್ರಮ್ ವ್ಯವಸ್ಥೆಯು ಬಂದುದು ೨೦೨೧ರ ಆಗಸ್ಟಿನಲ್ಲಿ. ಹಳೆಯ ಕಾನೂನುಗಳ ಸ್ಥಾನದಲ್ಲಿ ೨೦೨೦ರ ಸಂಹಿತೆಯು ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದಿತು. ತಾನೇ ಬಂದ ವಲಸೆಗಾರನನ್ನೂ ಇದು ವ್ಯಾಖ್ಯೆಯೊಳಗೆ ತಂದಿರುವುದು ಸ್ವಾಗತಾರ್ಹ. ಆದರೆ ಐದು ಹೆಕ್ಟೇರಿನ ಬೇಲಿಯು ಉಳಿದಿದೆ. ಅಂತರರಾಜ್ಯ ವಲಸೆಗಾರರ ರಕ್ಷಣೆಗೆ ಹಿಂದೆ ಐದು ಜನರಿದ್ದರೆ ಸಾಕಾಗಿತ್ತು, ಈಗ ಹತ್ತು ಜನರಿರಬೇಕು. ಮೂಡಿಗೆರೆಯ ಸಣ್ಣ ತೋಟವೊಂದಕ್ಕೆ ಬಂದ ಆರು ಜನರ ತಂಡವು ಇನ್ನೂ ಬೇಲಿಯ ಹೊರಗೇ ನಿಂತಿದೆ.

೭

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಹತ್ತು ಎಕರೆಯ ಬೆಳೆಗಾರನು ಮನೆ, ಆಸ್ಪತ್ರೆ, ಶಿಶುವಿಹಾರಗಳ ಭಾರವನ್ನು ಹೊರಬಲ್ಲನೆ? ಬೆಲೆ ಕುಸಿದ ವರ್ಷಗಳಲ್ಲಿ ಅವನೇ ಸಾಲಗಾರನಾಗುತ್ತಾನೆ. ಈ ಆಕ್ಷೇಪವು ನ್ಯಾಯವಾದುದು. ಆದರೆ ಇದರಿಂದ ಸಿದ್ಧವಾಗುವುದು, ಕೂಲಿಕಾರನಿಗೆ ರಕ್ಷಣೆ ಬೇಡವೆಂದಲ್ಲ. ಆ ಹೊಣೆಯನ್ನು ಒಬ್ಬೊಬ್ಬ ಯಜಮಾನನ ನೆಲಕ್ಕೆ ಕಟ್ಟಿದುದೇ ತಪ್ಪೆಂದು. ೧೯೫೧ರ ಕ್ರಮವು ದೊಡ್ಡ ತೋಟದ ದೊರೆಯನ್ನು ಪುಟ್ಟ ಸರ್ಕಾರವನ್ನಾಗಿ ಮಾಡಿತು. ದೊಡ್ಡ ತೋಟವಿಲ್ಲದ ಎಡೆಯಲ್ಲಿ ಸರ್ಕಾರವೇ ಇಲ್ಲದಂತಾಯಿತು.

ಬೇರೆ ದಾರಿಯು ನಮ್ಮಲ್ಲಿಯೇ ಇದೆ. ೧೯೫೨ರ ಭವಿಷ್ಯನಿಧಿಯ ಕಾನೂನಿನಲ್ಲಿ ಉಳಿತಾಯದ ಖಾತೆಯು ದುಡಿಯುವವನ ಹೆಸರಿನಲ್ಲಿದೆ, ತೋಟದ ಹೆಸರಿನಲ್ಲಿಲ್ಲ. ೨೦೧೯ರಿಂದ ಹಂತಹಂತವಾಗಿ ಹರಡಿದ ಒಂದೇ ಪಡಿತರ ಚೀಟಿಯ ವ್ಯವಸ್ಥೆಯಲ್ಲಿ ಒಡಿಶಾದ ಚೀಟಿಗೆ ಚಿಕ್ಕಮಗಳೂರಿನಲ್ಲಿ ಅಕ್ಕಿ ದೊರೆಯಬೇಕು. ಇವೆರಡರಲ್ಲಿಯೂ ಹಕ್ಕು ವ್ಯಕ್ತಿಯೊಡನೆ ನಡೆಯುತ್ತದೆ. ವೈದ್ಯಸಹಾಯ, ಕುಯ್ಲಿನ ಕಾಲದ ವಸತಿ, ಜೊತೆಗೆ ಬಂದ ಮಕ್ಕಳ ಶಾಲೆ ಇವನ್ನೂ ಹೀಗೆಯೇ ವ್ಯವಸ್ಥೆಗೊಳಿಸಬಹುದು. ಯುದ್ಧಕಾಲದಲ್ಲಿ ಬೆಳೆಯ ನಷ್ಟವನ್ನು ಎಲ್ಲರೂ ಸೇರಿ ಹೊರುವ ಪೂಲನ್ನು ಕಟ್ಟಬಲ್ಲ ಸರ್ಕಾರವು, ದುಡಿಮೆಯ ಹೊಣೆಯನ್ನೂ ಎಲ್ಲ ಬೆಳೆಗಾರರೂ ಹಿಡುವಳಿಗೆ ತಕ್ಕಂತೆ ಹಂಚಿಕೊಳ್ಳುವ ಒಂದು ನಿಧಿಯನ್ನು ಕಟ್ಟಲಾರದೆಂದು ಹೇಳಲು ಚರಿತ್ರೆಯಲ್ಲಿ ಆಧಾರವಿಲ್ಲ.

ಮಣ್ಣಾಳು ಎಂಬ ಶಬ್ದವು ಈಗ ವ್ಯವಹಾರದಲ್ಲಿಲ್ಲ. ಮನುಷ್ಯನನ್ನು ಮಣ್ಣಿನ ಮೂಲಕವೇ ಗುರುತಿಸುವ ಅಭ್ಯಾಸವಾದರೋ ಕಾನೂನುಗಳಲ್ಲಿ ಬೇರೆ ಬೇರೆ ವೇಷಗಳಲ್ಲಿ ಮುಂದುವರಿದಿದೆ. ಮೊದಲು ಅವನು ಮಣ್ಣನ್ನು ಬಿಟ್ಟರೆ ದಂಡನೆಯಿತ್ತು. ಆಮೇಲೆ ಮಣ್ಣಿನಲ್ಲಿ ನಿಂತರೆ ಮಾತ್ರ ಹಕ್ಕು ದೊರೆಯಿತು. ಈಗ ಯಾವ ಮಣ್ಣಿನವನೆಂದು ಪತ್ರ ತೋರಿಸಬೇಕಾಗಿದೆ. ಕೊಟ್ಟಿಗೆಹಾರ, ಬಣಕಲ್, ಕಳಸಗಳ ಸುತ್ತಿನ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಹಲವರ ಅಜ್ಜಂದಿರೂ ಅಜ್ಜಿಯರೂ ಹೀಗೆ ಘಟ್ಟ ಹತ್ತಿದವರೇ. ಅವರ ನೆನಪುಗಳನ್ನೂ ತೋಟಗಳ ಹಳೆಯ ಹಾಜರಿ ಪುಸ್ತಕಗಳನ್ನೂ ಈಗಲೇ ಸಂಗ್ರಹಿಸಿ ಇಡುವುದು ನಮ್ಮ ಇತಿಹಾಸ ವಿಭಾಗಗಳು ಕೈಗೊಳ್ಳಬೇಕಾದ ಕಾರ್ಯ. ಇಂದು ಅಸ್ಸಾಮಿನಿಂದ ಬಂದು ಅದೇ ಗಿಡಗಳಿಂದ ಹಣ್ಣು ಕುಯ್ಯುತ್ತಿರುವವರ ವಿಷಯದಲ್ಲಿ ಸಮಾಜವೂ ಸರ್ಕಾರವೂ ನ್ಯಾಯವಾಗಿ ನಡೆದುಕೊಳ್ಳಬೇಕಾದರೆ, ಈ ಸೀಮೆಯ ಬಹುಭಾಗದ ದುಡಿಮೆಯು ಎಂದೂ ಹೊರಗಿನಿಂದ ಬಂದವರದೇ ಆಗಿತ್ತೆಂಬ ತಿಳಿವಳಿಕೆಯು ಮೊದಲು ನಮ್ಮಲ್ಲಿ ಮೂಡಬೇಕಾಗಿದೆ.